ಆಯಾ ಊರಿನವರೇ ತೀರ್ಮಾನಿಸಲಿ

ಧಾರವಾಡದ ಕಾಲೇಜೊಂದರಲ್ಲಿ ಎಂಟು ವರ್ಷ ಇತಿಹಾಸದ ಪಾಠ ಮಾಡಿದವಳು ನಾನು. ಲಂಡನ್ನಿಗೆ ಬಂದ ಮೇಲೆ ಆ ಪಾಠ ಯಾರಿಗೂ ಬೇಕಾಗಲಿಲ್ಲ. ಊರಿನ ಪಶ್ಚಿಮ ಅಂಚಿನ ಹೇಸ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಪುಟ್ಟ ಮಕ್ಕಳ ಕೋಟಿನ ಗುಂಡಿ ಹಾಕುತ್ತ, ಮೂಗು ಒರೆಸುತ್ತ, ಸಹಾಯಕಿಯಾಗಿ ವರ್ಷಗಳನ್ನು ಕಳೆದೆ. ಹಾಗಾಗಿ ಮಗಳು ನಮ್ಮ ಪಿಯುಸಿಯಂಥ ಎ-ಲೆವೆಲ್‌ಗೆ ಇತಿಹಾಸ ಆರಿಸಿಕೊಂಡು, ಒಂದು ಸಂಜೆ ಊಟದ ಮೇಜಿನ ಮೇಲೆ ಅಮೆರಿಕದ ನಕ್ಷೆ ಹರಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ಮರೆತು ಬಂದು ಕುಳಿತೆ. ರೊಟ್ಟಿ ಸುಟ್ಟಿತು, ಸ್ಮೋಕ್ ಅಲಾರಂ ಕೂಗಿತು, ನಾನು ಏಳಲಿಲ್ಲ. ಮಗಳೇ ಎದ್ದು ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದಳು.

ಅವಳ ಕೋರ್ಸ್‌ವರ್ಕ್‌ನ ಪ್ರಶ್ನೆ ಹೀಗಿತ್ತು: ಅಮೆರಿಕ ಪಶ್ಚಿಮಕ್ಕೆ ಬೆಳೆಯುತ್ತ ಹೋದಾಗ, ಹೊಸದಾಗಿ ಸೇರಿದ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಜಗಳವನ್ನು ಅಲ್ಲಿನ ರಾಜಕಾರಣಿಗಳಿಗೆ ಸಂಧಾನದಿಂದ ಬಗೆಹರಿಸಲು ಯಾಕೆ ಆಗಲಿಲ್ಲ? ನನಗೆ ಬಾಯಿಪಾಠವಾಗಿದ್ದ ವಿಷಯ. ಮೊದಲು ಮಿಸೌರಿಯ ಪ್ರಶ್ನೆ ಬಂದಾಗ ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗೆರೆಯ ಕೆಳಗೆ ಗುಲಾಮಗಿರಿ ಇರಬಹುದು, ಮೇಲೆ ಇರಕೂಡದು. ಮಿಸೌರಿಗೆ ಮಾತ್ರ ವಿನಾಯಿತಿ. ಮುಂದೆ ಮೆಕ್ಸಿಕೋದಿಂದ ಕಿತ್ತುಕೊಂಡ ನೆಲ ಸೇರಿದಾಗ ಆ ಗೆರೆ ಸಾಲದಾಯಿತು. ಉತ್ತರದವರಿಗೆ ಒಂದು, ದಕ್ಷಿಣದವರಿಗೆ ಒಂದು ಎಂದು ಹಂಚಿ ಇನ್ನೊಂದು ಒಪ್ಪಂದ ಮಾಡಿಕೊಂಡರು. ಕಡೆಗೆ ಕ್ಯಾನ್ಸಸ್ ಮತ್ತು ನೆಬ್ರಾಸ್ಕಾದ ಸರದಿ ಬಂದಾಗ ಒಬ್ಬ ಸೆನೆಟರ್ ಎದ್ದುನಿಂತು, ಗೆರೆಯೇ ಬೇಡ, ಅಲ್ಲಿ ಹೋಗಿ ನೆಲೆಸುವವರೇ ಮತ ಹಾಕಿ ತೀರ್ಮಾನಿಸಲಿ ಎಂದ. ಅದು ಕಾನೂನೂ ಆಯಿತು.

ಈ ಕೊನೆಯ ಉಪಾಯ ನನಗೆ ಬಹಳ ಪ್ರಿಯವಾಗಿತ್ತು. ಕಾಲೇಜಿನಲ್ಲಿ ಪ್ರತಿವರ್ಷ ಅದನ್ನು ಹೇಳುವಾಗ ನನ್ನ ದನಿ ಏರುತ್ತಿತ್ತು. ದಿಲ್ಲಿಯಲ್ಲಿ ಕೂತವರು ಹುಬ್ಬಳ್ಳಿಯ ಗಟಾರದ ವಿಷಯ ಯಾಕೆ ತೀರ್ಮಾನಿಸಬೇಕು, ಹಾಗೆಯೇ ವಾಷಿಂಗ್ಟನ್ನಿನವರು ಕ್ಯಾನ್ಸಸ್‌ನ ವಿಷಯ ಯಾಕೆ ತೀರ್ಮಾನಿಸಬೇಕು ಎಂದು ಕೇಳುತ್ತಿದ್ದೆ. ಹುಡುಗರು ತಲೆಯಾಡಿಸುತ್ತಿದ್ದರು. ಮಗಳಿಗೂ ಅದನ್ನೇ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಪಕ್ಕದಲ್ಲಿ ಕೂತು ಬರೆಸಿದೆ: "ಆಯಾ ಊರಿನವರೇ ತೀರ್ಮಾನಿಸಲಿ ಎಂಬುದು ನ್ಯಾಯವಾದ ವಿಚಾರ. ಕೆಟ್ಟ ಜನ ಅದನ್ನು ಕೆಡಿಸಿದರು." ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ನನ್ನ ಮುಖ ನೋಡಿ, "ಶೂರ್?" ಎಂದಳು. "ಎಂಟು ವರ್ಷ ಇದನ್ನ ಕಲಿಸೀನಿ, ಶೂರ್ ಅಂತ ಕೇಳ್ತಾಳ" ಎಂದು ಗದರಿದೆ.

ನಾನು ಹುಟ್ಟಾ ಜಗಳ ಬಿಡಿಸುವವಳು. ನಮ್ಮದು ಕೂಡುಕುಟುಂಬ, ಅಮ್ಮನಿಗೂ ದೊಡ್ಡಮ್ಮನಿಗೂ ಮಾತು ನಿಂತಾಗ ಇಬ್ಬರ ನಡುವೆ ಓಡಾಡಿ, ಒಬ್ಬರ ಮಾತಿನ ಖಾರ ತೆಗೆದು ಇನ್ನೊಬ್ಬರಿಗೆ ತಲುಪಿಸುತ್ತಿದ್ದೆ. ಎಲ್ಲರೂ ಜಾಣೆ ಎಂದರು. ಆ ಹೊಗಳಿಕೆ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಜಗಳ ನಿಂತರೆ ಸಾಕು, ಯಾಕೆ ಹುಟ್ಟಿತು ಎಂದು ಕೇಳುವ ಅಭ್ಯಾಸವೇ ನನಗೆ ಬೆಳೆಯಲಿಲ್ಲ.

ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ವಿಜಯಪುರದ ಒಬ್ಬ ಗೆಳತಿ ಇದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ವಿಮಾನ ನಿಲ್ದಾಣದ ಹತ್ತಿರ, ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದಳು. ನಾನು ಶಾಲೆಯಿಂದ ಬರುವುದು ತಡವಾದ ದಿನಗಳಲ್ಲಿ ನನ್ನ ಮಗಳು ಅವಳ ಮನೆಗೇ ಹೋಗುತ್ತಿದ್ದಳು, ಅವಳನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಮೌಶಿ ಎಂದು ಕರೆಯುತ್ತಿದ್ದಳು. ಮಗಳಿಗೆ ಬರುವ ಅಷ್ಟಿಷ್ಟು ಕನ್ನಡ ಮೌಶಿಯ ಅಡುಗೆಮನೆಯಲ್ಲೇ ಕಲಿತದ್ದು. ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಮೌಶಿಗೆ ಮಾತ್ರ, ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿಗೆ ಕೈಚಾಚಿ, "ಹಿಂಡಿ ಹಾಕ್ರಿ ಇನ್ನಷ್ಟ" ಎನ್ನುತ್ತಿದ್ದಳು.

ಮೊದಲ ಐದು ವರ್ಷ ಅವಳು ನಮ್ಮ ಕನ್ನಡ ಕೂಟದ ಕಡೆ ತಲೆ ಹಾಕಿರಲಿಲ್ಲ. ಕರೆದಾಗಲೆಲ್ಲ "ನಮಗ್ಯಾಕ್ರಿ ಅದೆಲ್ಲಾ" ಎಂದು ನಕ್ಕುಬಿಡುತ್ತಿದ್ದಳು. ಆರನೆಯ ವರ್ಷ ನಾನೇ ಹಟ ಹಿಡಿದು ಸದಸ್ಯಳನ್ನಾಗಿ ಮಾಡಿಸಿ, ಲಂಡನ್ನಿನ ಉತ್ತರ ಅಂಚಿನ ಎಜ್‌ವೇರ್‌ನಲ್ಲಿ ನಡೆದ ಕೂಟದ ಸಭೆಗೆ ಕರೆದುಕೊಂಡು ಹೋದೆ. ಅಲ್ಲಿ ಹಿರಿಯ ಹೆಂಗಸೊಬ್ಬರು ಊರು ಕೇಳಿದ ಕೂಡಲೇ ಮನೆತನದ ಅಡ್ಡಹೆಸರು ಕೇಳಿದರು. ನಮ್ಮ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಹೇಳಿದರೆ ಮುಂದೆ ಏನೂ ಹೇಳಬೇಕಾಗಿಲ್ಲ. ಗೆಳತಿ ಹೇಳಿದಳು. ಆ ಹಿರಿಯರು "ಹೌದಾ, ಒಳ್ಳೇದು, ಒಳ್ಳೇದು" ಎಂದು ಚಹಾದ ಕಪ್ಪು ಹಿಡಿದುಕೊಂಡು ಬೇರೆ ಕಡೆ ಹೋದರು. ನಾನು ನೋಡಿದೆ. ನೋಡಿಯೂ ಆ ಹೊತ್ತಿಗೆ ಬೇರೆ ಏನೋ ಮಾತು ತೆಗೆದೆ.

ಆ ವರ್ಷ ಮೊದಲ ಸಲ ಹೇಸ್‌ನವರೇ ಸೇರಿ, ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಗಣಪತಿ ಕೂರಿಸಿದೆವು. ನೈವೇದ್ಯದ ಕಡಬು ಮಾಡಿದ್ದು ಗೆಳತಿ. ದಿನಕ್ಕೆ ಸಾವಿರಾರು ಊಟ ಕಟ್ಟುವ ಕೈ ಅದು. ನಾವು ನಾಲ್ಕು ಜನ ಹೆಂಗಸರು ಕಣಕ ಯಾವಾಗ ಕಲಸೋಣ ಎಂದು ಚರ್ಚೆ ಮಾಡುತ್ತಿರುವಾಗಲೇ ಇನ್ನೂರು ಕಡಬು ಕರಿದು ಸಾಲಾಗಿ ಇಟ್ಟಿದ್ದಳು. ಹೂರಣ ಹದವಾಗಿತ್ತು, ಒಂದೂ ಒಡೆದಿರಲಿಲ್ಲ. ತಿಂದವರೆಲ್ಲ ಇನ್ನೊಂದು ಕೇಳಿದರು.

ಸುದ್ದಿ ಎಜ್‌ವೇರ್ ಮುಟ್ಟಿತು. ಕೂಟ ಹುಟ್ಟಿದ್ದು ಅಲ್ಲಿ, ಅಧ್ಯಕ್ಷರು ಇರುವುದೂ ಅಲ್ಲೇ. ಮೈಸೂರು ಕಡೆಯವರು, ನಿವೃತ್ತ ಡಾಕ್ಟರು, ಯಾರ ಮನಸ್ಸೂ ನೋಯದಂತೆ ಮಾತಾಡುವ ಸಜ್ಜನ ಎಂದು ಹೆಸರಾದವರು. ಅಲ್ಲಿ ಮೊದಲಿನಿಂದ ಒಂದು ಪದ್ಧತಿ ಇತ್ತು: ನೈವೇದ್ಯದ ಅಡುಗೆಯನ್ನು ಐದು ಮನೆತನದವರು ಮಾತ್ರ ಮಡಿಯಲ್ಲಿ ಮಾಡಬೇಕು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಜಾತಿ ಎಂಬ ಶಬ್ದವನ್ನೂ ಯಾರೂ ಆಡುತ್ತಿರಲಿಲ್ಲ. ಪದ್ಧತಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಈಗ ಹೇಸ್‌ನಲ್ಲಿ ಒಂದು ಶಾಖೆ, ಟೂಟಿಂಗ್‌ನಲ್ಲಿ ಒಂದು ಶಾಖೆ ಹುಟ್ಟಿದ್ದವು. ಎಜ್‌ವೇರ್‌ನ ಪದ್ಧತಿ ಹೊಸ ಶಾಖೆಗಳಿಗೂ ಅನ್ವಯಿಸಬೇಕೇ ಬೇಡವೇ ಎಂಬುದು ಪ್ರಶ್ನೆಯಾಯಿತು.

ಮರುವರ್ಷ ಬೇಸಿಗೆಯ ಆರಂಭದಲ್ಲಿ ಅದಕ್ಕೊಂದು ಸಭೆ ಕರೆದರು. ನಾನು ಜಂಟಿ ಕಾರ್ಯದರ್ಶಿ. ಹೇಸ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿದು, ನಡುವೆ ಬದಲಿಸಿ, ನಾರ್ದರ್ನ್ ಲೈನ್‌ನ ಕಟ್ಟಕಡೆಯ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಸಭೆ ಕಾವೇರಿತ್ತು. ಬೆಂಗಳೂರಿನ ಐಟಿ ಹುಡುಗರು, ಇದೆಂಥ ಪದ್ಧತಿ, ಇವತ್ತೇ ಕಿತ್ತುಹಾಕಿ ಎನ್ನುತ್ತಿದ್ದರು. ಹಳಬರು, ಹಾಗಾದರೆ ನಾವೇ ಹೊರಗೆ ಹೋಗುತ್ತೇವೆ, ಕೂಟ ನೀವೇ ನಡೆಸಿ ಎನ್ನುತ್ತಿದ್ದರು. ಕೂಟ ಒಡೆಯುವುದು ಖಚಿತ ಎನ್ನುವಾಗ ನಾನು ಎದ್ದುನಿಂತೆ.

"ಎಜ್‌ವೇರ್‌ದು ಎಜ್‌ವೇರ್‌ನವರಿಗೆ ಬಿಡೋಣ. ಹೇಸ್‌ದು ಹೇಸ್‌ನವರು ಮತ ಹಾಕಿ ತೀರ್ಮಾನಿಸಲಿ, ಟೂಟಿಂಗ್‌ದು ಟೂಟಿಂಗ್‌ನವರು. ಯಾರ ಮೇಲೆ ಯಾರದ್ದೂ ಒತ್ತಾಯ ಬೇಡ," ಎಂದೆ.

ಚಪ್ಪಾಳೆ ಬಿತ್ತು. ಎರಡೂ ಕಡೆಯವರು ತಟ್ಟಿದರು. ಅಧ್ಯಕ್ಷರು ಬಂದು, "ನೋಡಿ, ಇತಿಹಾಸ ಓದಿದವರು ಇರಬೇಕು ಅನ್ನೋದು ಇದಕ್ಕೇ," ಎಂದರು. ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ನನಗೆ ನನ್ನ ಮೇಲೇ ಪ್ರೀತಿ ಉಕ್ಕಿತು. ಮೂರು ದಿನದಿಂದ ಮಗಳಿಗೆ ಅದೇ ಪಾಠ ಹೇಳಿಕೊಡುತ್ತಿದ್ದೆ, ಆ ಸೆನೆಟರನ ಉಪಾಯವನ್ನೇ ಎತ್ತಿ ಎಜ್‌ವೇರ್‌ನಲ್ಲಿ ಇಟ್ಟಿದ್ದೇನೆ ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ. ದೇವರಾಣೆ ಹೊಳೆಯಲಿಲ್ಲ. ಹೊಳೆದಿದ್ದರೆ ಇನ್ನಷ್ಟು ಉಬ್ಬುತ್ತಿದ್ದೆನೋ ಏನೋ.

ಮರುದಿನ ಮಧ್ಯಾಹ್ನ ಗೆಳತಿಯ ಮನೆಗೆ ಹೋಗಿ ಎಲ್ಲವನ್ನೂ ವರದಿ ಒಪ್ಪಿಸಿದೆ. ಅವಳು ನಿಂತುಕೊಂಡೇ ಶೇಂಗಾ ಸುಲಿಯುತ್ತಿದ್ದಳು. ಪೂರ್ತಿ ಕೇಳಿ, "ಆ ವೋಟ್ ನನಗ ಐತೇನ್ರಿ ಅಕ್ಕಾರ?" ಎಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸದಸ್ಯರಾಗಿ ಎರಡು ಯುಗಾದಿ ಕಳೆದವರಿಗೆ ಮಾತ್ರ ಮತ ಎಂದು ಕೂಟದ ನಿಯಮ. ಅವಳು ಸೇರಿದ ಮೇಲೆ ಬಂದದ್ದು ಒಂದೇ ಯುಗಾದಿ.

"ಈ ಸಲ ಇಲ್ಲ ಅನಸ್ತದ. ಆದ್ರ ನೀ ಚಿಂತಿ ಮಾಡಬ್ಯಾಡ. ಹೇಸ್‌ನಾಗ ಎಲ್ಲಾರೂ ನಿನ್ನ ಕಡೇನ ಇದ್ದಾರ," ಎಂದೆ.

"ನನ್ನ ಕಡೆ ಅಂದ್ರ? ನಾ ಏನ್ ಎಲೆಕ್ಷನ್‌ಕ ನಿಂತೇನೇನ್ರಿ?" ಎಂದು ನಕ್ಕಳು. ಆಮೇಲೆ ಶೇಂಗಾ ಬಿಟ್ಟು ಕೈ ಒರೆಸಿಕೊಂಡಳು. "ಗೆಲ್ಲೂದು ಸೋಲೂದು ಹಾಳಾಗಿ ಹೋಗ್ಲಿ ಬಿಡ್ರಿ. ವೋಟ್ ಹಾಕೂಕಿಂತ ಮೊದಲ ನೀವು ಎದ್ದು ನಿಂತು ಒಂದ ಮಾತು ಹೇಳ್ರಿ. ಆಕಿ ಕೈಯಾಗಿಂದು ಆರು ವರ್ಷ ನಾ ಉಂಡೀನಿ, ಇದು ವೋಟ್ ಹಾಕೂ ಮಾತ ಅಲ್ಲ ಅಂತ. ಅಷ್ಟ ಸಾಕ್ರಿ ನನಗ."

"ಹೇಳ್ತೀನಿ. ಹೇಳದ ಬಿಡ್ತೀನೇನು?" ಎಂದೆ.

ಅವಳು ಆರು ವರ್ಷ ಎಂದದ್ದು ಅವಳ ದೊಡ್ಡತನ. ಅದರಲ್ಲಿ ಆರು ತಿಂಗಳು ಕಳೆಯಬೇಕು. ನಮ್ಮ ಅತ್ತೆಯವರು ಊರಿನಿಂದ ಬಂದು ಇದ್ದಷ್ಟು ದಿನ ಅವಳು ನಮ್ಮ ಅಡುಗೆಮನೆಯ ಒಳಗೆ ಬರಲಿಲ್ಲ. ಬರಬೇಡ ಎಂದು ನಾನು ಹೇಳಲಿಲ್ಲ, ಅವಳೇ ತಿಳಿದುಕೊಂಡು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಒಳಗೆ ಬಾ ಎಂದೂ ನಾನು ಹೇಳಲಿಲ್ಲ. ಮುದುಕಿ ಇನ್ನೆಷ್ಟು ದಿನ ಇರುತ್ತಾರೆ, ಹಾವೂ ಸಾಯದೆ ಕೋಲೂ ಮುರಿಯದೆ ದಿನ ಕಳೆದರೆ ಸಾಕು ಎಂದುಕೊಂಡಿದ್ದೆ.

ಮತದಾನಕ್ಕೆ ಒಂದು ವಾರ ಇರುವಾಗ ಎರಡು ಸಂಗತಿ ನಡೆದವು. ಮೊದಲನೆಯದು, ಎಜ್‌ವೇರ್ ಕಡೆಯ ಒಂಬತ್ತು ಕುಟುಂಬಗಳು ತಮ್ಮ ಸದಸ್ಯತ್ವವನ್ನು ಹೇಸ್ ಶಾಖೆಗೆ ವರ್ಗಾಯಿಸಲು ಅರ್ಜಿ ಕೊಟ್ಟವು. ಮಗನ ಮನೆ ಹತ್ತಿರ, ಆಫೀಸು ಹತ್ತಿರ, ಒಬ್ಬರಿಗಂತೂ ವಿಮಾನ ನಿಲ್ದಾಣ ಹತ್ತಿರ. ಕಾರಣ ಎಲ್ಲರಿಗೂ ಗೊತ್ತಿತ್ತು. ಅರ್ಜಿಗಳು ನನ್ನ ಕೈಗೇ ಬಂದವು. ನಿಯಮದಲ್ಲಿ ಅಡ್ಡಿ ಇರಲಿಲ್ಲ, ಸಹಿ ಹಾಕಿದೆ.

ಎರಡನೆಯದು, ಮಗಳ ಬರಹ ಅವಳ ಟೀಚರ್ ಕೈಯಿಂದ ವಾಪಸು ಬಂತು. ನಾನು ಪಕ್ಕದಲ್ಲಿ ಕೂತು ಬರೆಸಿದ ವಾಕ್ಯದ ಕೆಳಗೆ ಗೆರೆ ಎಳೆದು ಆ ಟೀಚರ್ ಎರಡು ಪ್ರಶ್ನೆ ಬರೆದಿದ್ದರು. ಯಾರಿಗೆ ನ್ಯಾಯ? ಈ ವಾಕ್ಯದಲ್ಲಿ ಯಾರು ಕಾಣೆಯಾಗಿದ್ದಾರೆ?

"ದಟ್ಸ್ ಯುವರ್ ಸೆಂಟೆನ್ಸ್, ಅಮ್ಮಾ," ಎಂದು ಮಗಳು ಹಾಳೆಯನ್ನು ನನ್ನ ಮುಂದಿಟ್ಟಳು.

ನನಗೆ ರೇಗಿತು. ಇಂಥ ಚಿಕ್ಕ ವಯಸ್ಸಿನ ಟೀಚರುಗಳಿಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಾಳಿ, ಆ ಕಾಲವನ್ನು ಆ ಕಾಲದ ಕಣ್ಣಿನಿಂದ ನೋಡಬೇಕು ಎಂದೆಲ್ಲ ಹೇಳಿದೆ. ಮಗಳು ಬೆರಳು ಮಡಚುತ್ತ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಕ್ಯಾನ್ಸಸ್‌ನಲ್ಲಿ ಮತ ಹಾಕಿದವರು ಬಿಳಿಯ ಗಂಡಸರು ಮಾತ್ರ. ಯಾರನ್ನು ಸಂಕೋಲೆಯಲ್ಲಿ ತರುವುದೋ ಬಿಡುವುದೋ ಎಂದು ಮತ ನಡೆಯುತ್ತಿತ್ತೋ ಅವರನ್ನು ಯಾರೂ ಕೇಳಲಿಲ್ಲ. ಆ ನೆಲದಲ್ಲಿ ಮೊದಲಿನಿಂದ ಇದ್ದ ಮೂಲನಿವಾಸಿಗಳನ್ನೂ ಕೇಳಲಿಲ್ಲ. ಅದರ ಮೇಲೆ ಮಿಸೌರಿಯಿಂದ ಗುಂಪು ಗುಂಪಾಗಿ ಗಡಿ ದಾಟಿ ಬಂದವರು, ಬಂದೂಕು ಹಿಡಿದುಕೊಂಡೇ ಮತ ಹಾಕಿ ಮನೆಗೆ ಹೋದರು. "ಕೆಟ್ಟ ಜನ ಬಂದು ಒಳ್ಳೆಯ ವಿಚಾರವನ್ನ ಕೆಡಿಸಲಿಲ್ಲ ಅಮ್ಮಾ. ಮನುಷ್ಯರನ್ನ ಮತಕ್ಕೆ ಇಟ್ಟದ್ದೇ ಕೆಟ್ಟದ್ದು," ಎಂಬುದು ಅವಳು ಹೇಳಿದ್ದರ ತಾತ್ಪರ್ಯ.

ಮೇಜಿನ ಇನ್ನೊಂದು ತುದಿಯಲ್ಲಿ ಆ ಒಂಬತ್ತು ಅರ್ಜಿಗಳು ಬಿದ್ದಿದ್ದವು. ಮಗಳು ಅವನ್ನು ನೋಡಿದಳು, ನನ್ನನ್ನು ನೋಡಿದಳು. "ಮೌಶಿಗೆ ವೋಟ್ ಇದೆಯಾ?" ಎಂದು ಕೇಳಿದಳು. ನಾನು ಅರ್ಜಿಗಳನ್ನು ಫೈಲಿಗೆ ಸೇರಿಸಿ, ದೊಡ್ಡವರ ವಿಷಯ ನಿನಗೆ ಯಾಕೆ ಎಂದೆ. ಉತ್ತರ ಕೊಡಲು ಮನಸ್ಸಿಲ್ಲದಾಗ ತಾಯಂದಿರು ಹೇಳುವ ಮಾತು ಅದು.

ಮತದಾನ ಒಂದು ಭಾನುವಾರ, ಹಿಂದಿನ ವರ್ಷ ಗಣಪತಿ ಕೂರಿಸಿದ ಅದೇ ಹಾಲ್‌ನಲ್ಲಿ. ಅಧ್ಯಕ್ಷರೇ ಬಂದು ಮುಂದೆ ಕುಳಿತರು. ಗೆಳತಿ ಬಂದಿದ್ದಳು, ಹಿಂದಿನ ಸಾಲಿನಲ್ಲಿ ನನ್ನ ಮಗಳ ಪಕ್ಕ ಕೂತಿದ್ದಳು. ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ನನ್ನ ಒಂದು ಮಾತು ಕೇಳಲು ಅವಳು ಅಷ್ಟು ತಯಾರಾಗಿ ಬಂದಿದ್ದಳು.

ಅಧ್ಯಕ್ಷರು ಪೀಠಿಕೆ ಹಾಕಿದರು. ಯಾರ ಮೇಲೂ ಯಾರಿಗೂ ದ್ವೇಷ ಇಲ್ಲ, ಇದು ಪ್ರಜಾಪ್ರಭುತ್ವ ಎಂದರು. ಆಮೇಲೆ, "ಕೈಗಳನ್ನ ಕಾರ್ಯದರ್ಶಿಯವರು ಎಣಿಸಲಿ. ಅವರು ತಟಸ್ಥರು," ಎಂದರು. ಇಡೀ ಸಭೆ ಒಪ್ಪಿತು. ನನಗೆ ಆ ಮಾತು ಎಷ್ಟು ಹಿತವಾಯಿತು ಎಂದು ಈಗ ಬರೆಯಲು ಕೂಡ ನಾಚಿಕೆ. ಎರಡೂ ಕಡೆಯವರು ನಂಬುವ ಒಬ್ಬಳೇ ಹೆಂಗಸು ನಾನು. ಎದ್ದುನಿಂತು ಆ ಮಾತು ಹೇಳಿದರೆ ಆ ನಂಬಿಕೆ ಹೋಗುತ್ತದೆ, ಹೋದರೆ ಮುಂದೆ ಕೂಟವನ್ನು ಒಟ್ಟಿಗೆ ಹಿಡಿದಿಡುವವರು ಯಾರು ಎಂದು ಲೆಕ್ಕ ಹಾಕಿದೆ.

"ಯಾರಾದರೂ ಏನಾದರೂ ಹೇಳೋದಿದೆಯಾ?" ಎಂದು ಅಧ್ಯಕ್ಷರು ಕೇಳಿದರು.

ನಾನು ಕೈಯಲ್ಲಿದ್ದ ಸದಸ್ಯರ ಪಟ್ಟಿಯನ್ನು ನೋಡುತ್ತ ನಿಂತೆ. ಪಟ್ಟಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಐಟಿ ಹುಡುಗರು ಗೆಲ್ಲುವ ಭರವಸೆಯಲ್ಲಿ ಫೋನ್ ನೋಡುತ್ತಿದ್ದರು. ಅಧ್ಯಕ್ಷರು ನಿಜಕ್ಕೂ ಬಹಳ ಹೊತ್ತು ಕಾದರು, ಅವರ ತಪ್ಪು ಹೇಳಲಾರೆ. ಆಮೇಲೆ, ಪದ್ಧತಿ ಇರಲಿ ಎನ್ನುವವರು ಕೈ ಎತ್ತಿ ಎಂದರು.

ಸಾಲುಸಾಲಾಗಿ ನಡೆಯುತ್ತ ಬೆರಳು ಮಾಡಿ ಎಣಿಸಿದೆ. ಹಿಂದಿನ ಸಾಲಿಗೆ ಬಂದಾಗ ನನ್ನ ಬೆರಳು ಗೆಳತಿಯನ್ನು ದಾಟಿಕೊಂಡು ಆಚೆ ಕೂತವರ ಮೇಲೆ ಹೋಯಿತು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಬೇಡ ಎನ್ನುವವರ ಕೈ ಎಣಿಸುವಾಗಲೂ ಹಾಗೆಯೇ ದಾಟಿತು. ಪದ್ಧತಿ ಇರಲಿ ಎಂದವರು ನಾಲ್ಕು ಜನ ಹೆಚ್ಚಿದ್ದರು. ತಟಸ್ಥಳಾದ ನಾನು ಮತವನ್ನೂ ಹಾಕಲಿಲ್ಲ.

ಗೆಳತಿ ಎದ್ದು ಕೋಟು ಹಾಕಿಕೊಂಡಳು. ಸಿಟ್ಟಿನಿಂದ ಅಲ್ಲ, ಬಸ್ಸಿನ ಹೊತ್ತಾಯಿತು ಎನ್ನುವಂತೆ. ನನ್ನ ಮಗಳು ಅವಳ ಚೀಲ ಹಿಡಿದುಕೊಂಡು ಜೊತೆಗೆ ಹೋದಳು. ನಾನು ಮಿನಿಟ್ಸ್ ಬರೆದು, ಕುರ್ಚಿ ಜೋಡಿಸಿ, ಹಾಲ್‌ನ ಬೀಗದ ಕೈ ಕೊಟ್ಟು ಮನೆಗೆ ಬಂದೆ.

ಆ ವರ್ಷ ಗಣಪತಿಗೆ ಕಡಬು ಎಜ್‌ವೇರ್‌ನಿಂದ ಕಾರಿನಲ್ಲಿ ಬಂದವು. ರಸ್ತೆಯಲ್ಲಿ ಟ್ರಾಫಿಕ್ ಇತ್ತಂತೆ, ಮಧ್ಯಾಹ್ನ ಮೀರಿತ್ತು. ಅಂಚು ಕಲ್ಲಾಗಿ ಹೋಗಿದ್ದವು. ದೇವರಿಗೇನೂ ದೂರಿರಲಿಲ್ಲ, ನಮ್ಮ ಹಲ್ಲಿಗೆ ಇತ್ತು. ಮಗಳು ಬರಲಿಲ್ಲ. ಗೆಳತಿ ಆ ದಿನ ಕೆಲಸಕ್ಕೆ ಹೋಗಿದ್ದಳು.

ಒಂದು ವಾರ ಬಿಟ್ಟು ಅವಳ ಮನೆಗೆ ಹೋದೆ. "ಬರ್ರಿ, ಕೂಡ್ರಿ" ಎಂದಳು. ಅಲ್ಲಿಯವರೆಗೆ ನಾನು ಅವಳ ಮನೆಯಲ್ಲಿ ಕೈಗೆ ಸಿಕ್ಕ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದವಳು. ಅವತ್ತು ಕಪಾಟಿನಿಂದ ಅತಿಥಿಗಳಿಗೆಂದು ಇಟ್ಟ ಹೊಸ ಕಪ್ಪು-ಬಸಿ ಬಂತು, ತಟ್ಟೆಯಲ್ಲಿ ಬಿಸ್ಕಿಟು ಬಂತು. ತಪ್ಪಾಯಿತು ಎಂದೆ. ಒಂಬತ್ತು ಕುಟುಂಬ ಹೊರಗಿನಿಂದ ಬರದಿದ್ದರೆ ಗೆಲ್ಲುತ್ತಿದ್ದೆವು, ನಿಯಮ ಹಾಗಿತ್ತು, ನಾನು ಎಣಿಸುವ ಜಾಗದಲ್ಲಿ ನಿಂತಿದ್ದೆ ಎಂದು ಒಂದಾದ ಮೇಲೊಂದು ಹೇಳಿದೆ. ಅವಳು ತಡೆಯದೆ ಕೇಳಿದಳು.

"ಎಜ್‌ವೇರ್ ಮಂದಿ ಹೆಂಗ ಅಂತ ನನಗ ಮೊದಲ ಗೊತ್ತಿತ್ರಿ. ಅದಕ್ಕ ಐದು ವರ್ಷ ಆ ಕಡೆ ಹೋಗಿದ್ದಿಲ್ಲ," ಎಂದಳು. "ನೀವು ಹಂಗಲ್ಲ ಅಂತ ತಿಳಕೊಂಡಿದ್ದೆ. ಅದೊಂದ ನನ್ನ ತಪ್ಪಾತು."

ಚಹಾ ಕುಡಿದು ಬಂದೆ.

ಆಮೇಲೆ ಒಂದು ಸಂಜೆ ಮಗಳ ಹತ್ತಿರ ಅತ್ತೆ. ಕ್ಯಾನ್ಸಸ್‌ನಲ್ಲಿ ನಡೆದದ್ದನ್ನೇ ನಾನೂ ಮಾಡಿದೆ, ಆ ಸೆನೆಟರನಂಥವಳೇ ನಾನು ಎಂದೆ. ಅವಳು ನನ್ನ ಪಕ್ಕ ಕೂತಳು, ಆದರೆ ನನ್ನ ಮಾತು ಒಪ್ಪಲಿಲ್ಲ. ಆ ಗುಲಾಮರ ಮಕ್ಕಳನ್ನು ಕಿತ್ತು ಮಾರುತ್ತಿದ್ದರು, ಬೆನ್ನಿನ ಚರ್ಮ ಸುಲಿಯುವಂತೆ ಹೊಡೆಯುತ್ತಿದ್ದರು, ನಿನ್ನ ದುಃಖ ತೂಗಲು ಅವರನ್ನು ಎಳೆದು ತರಬೇಡ ಎಂದಳು. ನಿಜ. ಸಂತೆಯಲ್ಲಿ ನಿಲ್ಲಿಸಿ ಮಾರಿದ ಮನುಷ್ಯರ ಬಾಳನ್ನು ನಮ್ಮ ಕಡಬಿನ ಪಕ್ಕ ಇಟ್ಟು ನೋಡುವುದು ಅಪಚಾರ. ಆದರೆ ಆ ಸಂಧಾನ ಮಾಡಿದವರ ಮನಸ್ಸು ಹೇಗಿತ್ತು ಎಂದು ಎಂಟು ವರ್ಷ ಪಾಠ ಮಾಡಿದ್ದರೂ ನನಗೆ ತಿಳಿದದ್ದು ಆ ಹಾಲ್‌ನಲ್ಲೇ. ಅವರೂ ತಮ್ಮನ್ನು ಕೆಟ್ಟವರೆಂದು ತಿಳಿದಿರಲಿಕ್ಕಿಲ್ಲ. ದೇಶ ಒಡೆಯದಂತೆ ನೋಡಿಕೊಂಡೆವು ಎಂದುಕೊಂಡು ಹೊಟ್ಟೆ ತುಂಬ ಉಂಡಿರುತ್ತಾರೆ. ಅವರು ಎಳೆದ ಗೆರೆಗಳೂ ಉಳಿಯಲಿಲ್ಲ, ದೇಶವೂ ಯುದ್ಧಕ್ಕೆ ಬೀಳದೆ ಉಳಿಯಲಿಲ್ಲ. ನಾನು ಧಾರವಾಡದ ಎಷ್ಟು ಹುಡುಗ ಹುಡುಗಿಯರ ತಲೆಯಲ್ಲಿ ಆ ನ್ಯಾಯವಾದ ವಿಚಾರವನ್ನು ತುಂಬಿದೆನೋ. ಅವರನ್ನೆಲ್ಲ ಹುಡುಕಿ ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ.

ಮುಂದಿನ ವರ್ಷ ಗೆಳತಿಯ ಗಂಡನಿಗೆ ಟೂಟಿಂಗ್ ಹತ್ತಿರ ಕೆಲಸ ಸಿಕ್ಕಿ, ಅವರು ಮನೆ ಬದಲಿಸಿದರು. ಹೋಗುವ ದಿನ ನಾನು ಶಾಲೆಯಲ್ಲಿದ್ದೆ. ಮಗಳು ಹೋಗಿ ಪಾತ್ರೆ ಕಟ್ಟಲು ನೆರವಾದಳು. ಈಗ ಅವಳು ಯೂನಿವರ್ಸಿಟಿಯಲ್ಲಿದ್ದಾಳೆ, ರಜೆಗೆ ಬಂದರೆ ಮೊದಲ ಭಾನುವಾರ ಮೌಶಿಯ ಮನೆಗೆ ಹೋಗುತ್ತಾಳೆ. ಬರುವಾಗ ಡಬ್ಬಿಯಲ್ಲಿ ಶೇಂಗಾ ಹಿಂಡಿ ತರುತ್ತಾಳೆ. ನನಗೆಂದು ಕಳಿಸಿದ್ದೋ ಮಗಳಿಗೆ ಕೊಟ್ಟದ್ದೋ ನಾನು ಕೇಳುವುದಿಲ್ಲ, ತಿನ್ನುತ್ತೇನೆ.

ಹೇಸ್‌ಗೆ ಹೊಸ ಜನ ಬರುತ್ತಲೇ ಇದ್ದಾರೆ. ಈ ವರ್ಷ ನೋಡಿದರೆ ಪದ್ಧತಿ ಬೇಕೆನ್ನುವವರೇ ಶಾಖೆಯಲ್ಲಿ ಕಡಿಮೆಯಾಗಿದ್ದರು. ಇದೇ ಹೊತ್ತು ಎಂದು ನಾನೇ ಮುಂದೆ ನಿಂತು ಸಭೆ ಕರೆಸಿದೆ, ನಾನೇ ನಿರ್ಣಯ ಬರೆದೆ. ಈ ಸಲ ಎಣಿಸುವ ಕೆಲಸ ಬೇಡ ಎಂದೆ. ಎದ್ದುನಿಂತು, ಅವಳ ಕೈಯಡುಗೆಯನ್ನು ವರ್ಷಗಟ್ಟಲೆ ಉಂಡವಳು ನಾನು, ಅಂದು ಹೇಳಬೇಕಿತ್ತು, ಹೇಳಲಿಲ್ಲ ಎಂದೆ. ಹೊಸ ಹುಡುಗಿಯರು ಕಣ್ಣೊರೆಸಿಕೊಂಡರು. ಪದ್ಧತಿ ರದ್ದಾಗಲಿ ಎಂದು ಎಲ್ಲರೂ ಕೈ ಎತ್ತಿದರು. ಎಜ್‌ವೇರ್‌ನಿಂದ ಬಂದಿದ್ದ ಅಧ್ಯಕ್ಷರು ಕೂಡ ಎತ್ತಿದರು.

ಹಾಲ್‌ನ ಹೊರಗೆ ಬಂದು, ಕಾರುಗಳ ನಡುವೆ ನಿಂತುಕೊಂಡೇ ಗೆಳತಿಗೆ ಫೋನ್ ಮಾಡಿದೆ. ನಾವು ಮಾತಾಡಿ ಬಹಳ ದಿನವಾಗಿತ್ತು. ಅವಳು ಎತ್ತಿದಳು, ನನ್ನ ಮೊಣಕಾಲ ನೋವು ಹೇಗಿದೆ ಎಂದು ಕೇಳಿದಳು. ನಾನು ಅದಕ್ಕೆ ಉತ್ತರ ಕೊಡುವ ತಾಳ್ಮೆ ಇಲ್ಲದೆ, "ಪದ್ಧತಿ ತಗದು ಹಾಕಿದ್ವಿ. ಈ ಸಲ ಗಣಪ್ಪಗ ನೀನ ಬಂದು ಕಡಬು ಮಾಡಬೇಕು. ಯಾರೂ ಏನೂ ಅನ್ನೂಹಂಗಿಲ್ಲ," ಎಂದೆ.

"ಹೆಂಗ ತಗದ್ರಿ?" ಎಂದಳು.

"ವೋಟ್ ಹಾಕಿದ್ವಿ. ಒಬ್ಬರೂ ಬ್ಯಾಡ ಅನ್ನಲಿಲ್ಲ ನೋಡು. ಎಲ್ಲಾರೂ ಕೈ ಎತ್ತಿದ್ರು."

ಆ ಕಡೆ ನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ಹಂಗಾದ್ರ ಮತ್ತೊಮ್ಮೆ ಕೇಳಿದ್ರಿ ಅವರನ್ನ, ನನ್ನ ಕೈಯಾಗಿಂದು ಉಣಬಹುದೇನು ಅಂತ," ಎಂದಳು.

ಅವಳು, ಒಲಿ ಮ್ಯಾಲ ಅನ್ನ ಐತ್ರಿ ಅಕ್ಕಾರ, ಇಡ್ತೀನಿ ಎಂದು ಫೋನ್ ಇಟ್ಟಳು. ನನ್ನ ಬಗಲಲ್ಲಿ ಮಿನಿಟ್ಸ್ ಪುಸ್ತಕ ಇತ್ತು. ಸರ್ವಾನುಮತದಿಂದ ಎಂದು ಅದರಲ್ಲಿ ಆಗಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ.